ಹೋಮಿ ಭಾಭಾ: ವಿಮಾನ ಅಪಘಾತದ ಮೆಸೇಜ್ ಹೇಳದೇ ಬಿಟ್ಟ ಕತೆ

ಜನವರಿ ಕೊನೆಯ ವಾರ ಬಂತೆಂದರೆ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ತಪ್ಪದೇ ಬರುತ್ತದೆ. ಕಳಿಸುವವರು ಬೇರೆ ಬೇರೆ, ಒಕ್ಕಣೆ ಮಾತ್ರ ಒಂದೇ. ಹಿಮ ಮುಚ್ಚಿದ ಬೆಟ್ಟದ ಚಿತ್ರ, ಪಕ್ಕದಲ್ಲಿ ಸೂಟು ತೊಟ್ಟ ಹೋಮಿ ಭಾಭಾ. ಅಮೆರಿಕದ ಸಿಐಎ ಅವರ ವಿಮಾನಕ್ಕೆ ಬಾಂಬ್ ಇಟ್ಟಿತು, ಅವರೊಬ್ಬರು ಹೋದ ಮೇಲೆ ಭಾರತದ ಅಣು ಕಾರ್ಯಕ್ರಮ ದಶಕಗಟ್ಟಲೆ ನಿಂತೇಹೋಯಿತು, ಈ ಸತ್ಯವನ್ನು ಎಲ್ಲರಿಗೂ ತಲುಪಿಸಿ ಎನ್ನುವುದು ಅದರ ಸಾರ. ಈ ಸಲ ಕಳಿಸಿದವರು ನಮ್ಮ ದೊಡ್ಡಪ್ಪ. ಸುಳ್ಳು ಸುದ್ದಿ ಎಂದು ಎರಡು ಪದ ಬರೆದು ಅವರ ಬಾಯಿ ಮುಚ್ಚಿಸುವುದು ನನಗೆ ಸರಿ ಕಾಣಲಿಲ್ಲ. ಅವರು ಅದನ್ನು ಕಳಿಸಿದ್ದು ಭಾಭಾ ಮೇಲಿನ ಅಭಿಮಾನದಿಂದಲೇ. ಹಾಗಾಗಿ ಈ ಲೇಖನ.

ಆ ಮೆಸೇಜಿನಲ್ಲಿ ಎರಡು ಮಾತುಗಳಿವೆ. ಬಾಂಬಿನ ಮಾತಿಗೆ ಪುರಾವೆ ಇಲ್ಲ. ಕಾರ್ಯಕ್ರಮ ನಿಂತಿತು ಎನ್ನುವುದಂತೂ ತಪ್ಪೇ ತಪ್ಪು. ಈ ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು ಎಂದು ನನಗನ್ನಿಸುತ್ತದೆ. ಯಾಕೆಂದರೆ ಯಾರೊಬ್ಬರು ಇಲ್ಲವಾದರೂ ಕೆಲಸ ನಿಲ್ಲಬಾರದು ಎನ್ನುವ ಹಾಗೆ ಮುಂದಿನವರನ್ನು ತಯಾರು ಮಾಡಿದ್ದೇ ಭಾಭಾ ಅವರ ಜೀವನದ ದೊಡ್ಡ ಸಾಧನೆ.

ತಾತ ಮೈಸೂರಿನ ಶಿಕ್ಷಣಾಧಿಕಾರಿ

ಹೋಮಿ ಜಹಾಂಗೀರ್ ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬೈಯ ಸಿರಿವಂತ ಪಾರ್ಸಿ ಮನೆತನದಲ್ಲಿ. ಆದರೆ ಆ ಮನೆತನಕ್ಕೆ ನಮ್ಮ ಕಡೆಯ ನಂಟು ಹಳೆಯದು. ಅವರ ತಾತ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದವರು. ತಂದೆ ಜಹಾಂಗೀರ್ ಬೆಳೆದದ್ದು ಬೆಂಗಳೂರಿನಲ್ಲಿ. ಸೋದರತ್ತೆ ಮದುವೆಯಾದದ್ದು ದೊರಾಬ್ಜಿ ಟಾಟಾ ಅವರನ್ನು.

ಮಗ ಎಂಜಿನಿಯರ್ ಆಗಿ ಜಮ್‌ಷೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ಮನೆಯವರ ಆಸೆ. 1927ರಲ್ಲಿ ಹುಡುಗನನ್ನು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಕಳಿಸಿದರು. ಅಲ್ಲಿ ಹೋದ ಮೇಲೆ ಹುಡುಗನ ಮನಸ್ಸು ಭೌತವಿಜ್ಞಾನದ ಕಡೆ ಹೊರಳಿತು. ಅಪ್ಪ ಒಂದು ಷರತ್ತು ಹಾಕಿದರು: ಮೊದಲು ಎಂಜಿನಿಯರಿಂಗ್‌ನಲ್ಲಿ ಫಸ್ಟ್ ಕ್ಲಾಸ್ ತೆಗೆ, ಆಮೇಲೆ ಗಣಿತ ಓದುವ ಖರ್ಚು ನನ್ನದು. ಮಗ 1930ರಲ್ಲಿ ಫಸ್ಟ್ ಕ್ಲಾಸ್ ತೆಗೆದ. ಅಪ್ಪ ಮಾತು ಉಳಿಸಿಕೊಂಡರು.

ಮುಂದಿನ ಕೆಲವೇ ವರ್ಷಗಳಲ್ಲಿ ಭಾಭಾ ಹೆಸರು ಯುರೋಪಿನ ವಿಜ್ಞಾನಿಗಳಿಗೆ ಪರಿಚಿತವಾಯಿತು. ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್ ಎದುರುಬದುರಾದಾಗ ಹೇಗೆ ಚದುರುತ್ತವೆ ಎಂಬ ಲೆಕ್ಕವನ್ನು ಅವರು ಮಾಡಿದರು. ಅದನ್ನು ಇಂದಿಗೂ ಭಾಭಾ ಸ್ಕ್ಯಾಟರಿಂಗ್ ಎಂದೇ ಕರೆಯುತ್ತಾರೆ. 1937ರಲ್ಲಿ ವಾಲ್ಟರ್ ಹೈಟ್ಲರ್ ಎಂಬ ವಿಜ್ಞಾನಿಯ ಜೊತೆ ಸೇರಿ ಕಾಸ್ಮಿಕ್ ಕಿರಣಗಳ ಸುರಿಮಳೆಯನ್ನು ವಿವರಿಸಿದರು. ಆಕಾಶದಿಂದ ಬರುವ ಒಂದು ವೇಗದ ಕಣ ನಮ್ಮ ಗಾಳಿಗೆ ಬಡಿದರೆ ಅದರಿಂದ ಎರಡು, ಎರಡರಿಂದ ನಾಲ್ಕು ಎನ್ನುವಂತೆ ಕಣಗಳು ಹೆಚ್ಚುತ್ತಾ ನೆಲ ತಲುಪುವ ಹೊತ್ತಿಗೆ ಮಳೆಯೇ ಆಗಿರುತ್ತದೆ. ನೀವು ಇದನ್ನು ಓದುವಾಗಲೂ ಆ ಕಣಗಳು ನಿಮ್ಮ ಮೈಯನ್ನು ಹಾದುಹೋಗುತ್ತಿವೆ.

ರಜೆಗೆ ಬಂದವರು ಬೆಂಗಳೂರಿನಲ್ಲಿ ಉಳಿದರು

1939ರಲ್ಲಿ ಭಾಭಾ ರಜೆಗೆಂದು ಭಾರತಕ್ಕೆ ಬಂದಿದ್ದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಕೇಂಬ್ರಿಜ್‌ಗೆ ವಾಪಸ್ ಹೋಗುವ ದಾರಿ ಮುಚ್ಚಿತು. ಆಗ ಅವರಿಗೆ ಕೆಲಸ ಸಿಕ್ಕಿದ್ದು ಬೆಂಗಳೂರಿನ ಟಾಟಾ ಇನ್ಸ್‌ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿನ ಭೌತವಿಜ್ಞಾನ ವಿಭಾಗಕ್ಕೆ ಸಿ.ವಿ. ರಾಮನ್ ಮುಖ್ಯಸ್ಥರು. ಟಾಟಾ ಟ್ರಸ್ಟಿನ ಹಣದಲ್ಲಿ ಭಾಭಾ ಅಲ್ಲೇ ಕಾಸ್ಮಿಕ್ ಕಿರಣಗಳ ಸಂಶೋಧನಾ ಘಟಕ ಕಟ್ಟಿದರು. 1941ರಲ್ಲಿ, 31ನೇ ವಯಸ್ಸಿಗೆ, ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು.

ಯುದ್ಧ ಮುಗಿದ ತಕ್ಷಣ ಹಡಗು ಹತ್ತುವ ಯೋಚನೆಯಲ್ಲಿದ್ದವರು ಬೆಂಗಳೂರಿನಲ್ಲಿ ಕಳೆದ ವರ್ಷಗಳಲ್ಲಿ ಬದಲಾದರು. ಕಾರಣ ವಿದ್ಯಾರ್ಥಿಗಳು. ಅಲಹಾಬಾದಿನಿಂದ ಬಂದ ಹರೀಶ್‌ಚಂದ್ರ ಎಂಬ ತರುಣ ಇಲ್ಲಿ ಅವರ ಜೊತೆ ಕೆಲಸ ಮಾಡಿ, ಕೇಂಬ್ರಿಜ್‌ಗೆ ಹೋಗಿ, ಮುಂದೆ ಜಗತ್ತಿನ ದೊಡ್ಡ ಗಣಿತಜ್ಞರಲ್ಲಿ ಒಬ್ಬರಾದರು. ಅದೇ ವರ್ಷಗಳಲ್ಲಿ ವಿಕ್ರಮ್ ಸಾರಾಭಾಯಿ ಕೂಡ ಇದೇ ಕ್ಯಾಂಪಸ್ಸಿನಲ್ಲಿ ಕಾಸ್ಮಿಕ್ ಕಿರಣಗಳನ್ನು ಅಳೆಯುತ್ತಿದ್ದರು. ಪ್ರತಿಭೆಗೆ ಈ ದೇಶದಲ್ಲಿ ಕೊರತೆಯಿಲ್ಲ, ಆದರೆ ಅದನ್ನು ಬೆಳೆಸುವ ಜಾಗಗಳು ತೀರಾ ಕಡಿಮೆ. ಒಳ್ಳೆಯ ಹುಡುಗರು ಒಂದೋ ಹೊರದೇಶಕ್ಕೆ ಹೋಗಬೇಕು, ಇಲ್ಲವೇ ಆಡಳಿತದ ಕೆಲಸ ಹಿಡಿಯಬೇಕು. ಇದು ಅವರಿಗೆ ಕಂಡ ಸಮಸ್ಯೆ.

ಹಿರೋಶಿಮಾಕ್ಕೂ ಮೊದಲಿನ ಪತ್ರ

1944ರ ಮಾರ್ಚ್ 12ರಂದು ಭಾಭಾ ಸರ್ ದೊರಾಬ್ಜಿ ಟಾಟಾ ಟ್ರಸ್ಟಿಗೆ ಒಂದು ಪತ್ರ ಬರೆದರು. ಭೌತವಿಜ್ಞಾನದ ಮೂಲ ಸಂಶೋಧನೆಗೆ ಗಟ್ಟಿಯಾದ ಒಂದು ಸಂಸ್ಥೆ ಬೇಕು ಎಂದು ಕೇಳಿದರು. ಇನ್ನು ಎರಡು ದಶಕಗಳಲ್ಲಿ ಅಣುವಿನಿಂದ ವಿದ್ಯುತ್ ತೆಗೆಯುವ ಕಾಲ ಬಂದಾಗ, ಭಾರತ ತಜ್ಞರಿಗಾಗಿ ಹೊರದೇಶದ ಕಡೆ ನೋಡಬೇಕಾಗಬಾರದು, ಅವರು ನಮ್ಮಲ್ಲೇ ತಯಾರಿರಬೇಕು ಎಂಬುದು ಪತ್ರದ ಮುಖ್ಯ ವಾದ.

ತಾರೀಕನ್ನು ಇನ್ನೊಮ್ಮೆ ನೋಡಿ. ಹಿರೋಶಿಮಾದ ಮೇಲೆ ಬಾಂಬ್ ಬಿದ್ದದ್ದು 1945ರ ಆಗಸ್ಟ್‌ನಲ್ಲಿ. ಅಣುಶಕ್ತಿ ಎಂಬ ಪದವೇ ಹೆಚ್ಚಿನವರಿಗೆ ಗೊತ್ತಿಲ್ಲದ ಕಾಲದಲ್ಲಿ, ಸ್ವಾತಂತ್ರ್ಯಕ್ಕೂ ಮೂರು ವರ್ಷ ಮೊದಲು ಬರೆದ ಪತ್ರ ಇದು. ಯಂತ್ರಕ್ಕಿಂತ ಮೊದಲು ಅದನ್ನು ನಡೆಸುವ ಜನ ಬೇಕು ಎಂಬ ಲೆಕ್ಕ ಅದರಲ್ಲಿತ್ತು.

ಟ್ರಸ್ಟ್ ಒಪ್ಪಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, 1945ರ ಜೂನ್‌ನಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷದ ಕೊನೆಗೆ ಮುಂಬೈಯ ಪೆಡ್ಡರ್ ರೋಡಿನ ಒಂದು ಬಂಗಲೆಗೆ ಹೋಯಿತು. ಕೊಲಾಬಾದ ಕಡಲ ತೀರದ ಈಗಿನ ಕಟ್ಟಡ ಉದ್ಘಾಟನೆಯಾದದ್ದು 1962ರಲ್ಲಿ.

ಕೋಲಾರದ ಗಣಿಯೊಳಗೆ ಒಂದು ಪ್ರಯೋಗಶಾಲೆ

ಈ ಸಂಸ್ಥೆಯಲ್ಲಿ ಹುಡುಗರಿಗೆ ಕೆಲಸ ಕಲಿಸುತ್ತಿದ್ದ ರೀತಿಗೆ ಒಂದು ಉದಾಹರಣೆ ನಮ್ಮ ಕೋಲಾರದಲ್ಲೇ ಇದೆ.

ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1948ರಲ್ಲಿ ಟಿಐಎಫ್‌ಆರ್ ಸೇರಿದರು. ಮ್ಯುವಾನ್ ಎಂಬ ಕಾಸ್ಮಿಕ್ ಕಣಗಳು ಬಂಡೆಯನ್ನೂ ತೂರಿಕೊಂಡು ಎಷ್ಟು ಆಳಕ್ಕೆ ಹೋಗುತ್ತವೆ ಎಂಬುದು ಆಗಿನ ಪ್ರಶ್ನೆ. ಅದನ್ನು ಅಳೆಯಲು ತುಂಬಾ ಆಳದ ಗುಂಡಿ ಬೇಕು. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು ನಮ್ಮ ಕೆಜಿಎಫ್‌ನಲ್ಲಿತ್ತು. 1951ರ ಸುಮಾರಿಗೆ ಭಾಭಾ ಆ ತರುಣನನ್ನು ಉಪಕರಣಗಳ ಸಮೇತ ಚಾಂಪಿಯನ್ ರೀಫ್ ಗಣಿಗೆ ಕಳಿಸಿದರು. ಒಂದೊಂದು ಆಳದಲ್ಲಿ ಉಪಕರಣ ಇಟ್ಟು, ಎಣಿಸಿ, ಇನ್ನೂ ಕೆಳಗೆ ಇಳಿದು ಮತ್ತೆ ಎಣಿಸುವ ಕೆಲಸ. ಡಾಕ್ಟರೇಟ್ ಮಾಡುವ ಹುಡುಗನಿಗೆ ಅದೇ ಪಾಠಶಾಲೆಯಾಯಿತು.

ಆ ಬೀಜ ದೊಡ್ಡದಾಗಿ ಬೆಳೆಯಿತು. 1965ರಲ್ಲಿ ಕೆಜಿಎಫ್‌ನಲ್ಲಿ, ನೆಲದಿಂದ 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಿಐಎಫ್‌ಆರ್ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನ ಸಂಗಾತಿಗಳ ಜೊತೆ ವಾತಾವರಣದ ನ್ಯೂಟ್ರಿನೊಗಳ ಗುರುತನ್ನು ಹಿಡಿದರು. ಜಗತ್ತಿನಲ್ಲಿ ಇಂಥ ನ್ಯೂಟ್ರಿನೊ ಸಿಕ್ಕಿದ ಮೊದಲ ಸಂದರ್ಭಗಳಲ್ಲಿ ಅದೂ ಒಂದು. ಅಷ್ಟು ಆಳ ಯಾಕೆ ಎಂದರೆ, ಬೇರೆ ಕಣಗಳನ್ನೆಲ್ಲ ಮೇಲಿನ ಬಂಡೆ ಜರಡಿಯಂತೆ ತಡೆಯುತ್ತದೆ. ಯಾವುದಕ್ಕೂ ಸಿಕ್ಕದ ನ್ಯೂಟ್ರಿನೊ ಮಾತ್ರ ಕೆಳಗೆ ಬರುತ್ತದೆ. ಗಣಿಗೆ ಇಳಿದಿದ್ದ ಆ ವಿದ್ಯಾರ್ಥಿ 1975ರಲ್ಲಿ ಟಿಐಎಫ್‌ಆರ್‌ನ ನಿರ್ದೇಶಕರಾದರು.

1957ರ ಟ್ರೈನಿಂಗ್ ಸ್ಕೂಲ್

ಒಬ್ಬೊಬ್ಬ ವಿದ್ಯಾರ್ಥಿಯನ್ನು ಹೀಗೆ ಕೈಹಿಡಿದು ಬೆಳೆಸುವುದು ಸಂಶೋಧನೆಗೆ ಸಾಕು. ರಿಯಾಕ್ಟರ್ ನಡೆಸಲು ಸಾಲದು.

ಸ್ವಾತಂತ್ರ್ಯದ ಮರುವರ್ಷವೇ ಅಣುಶಕ್ತಿ ಆಯೋಗ ಹುಟ್ಟಿತು. ಭಾಭಾ ಅದರ ಅಧ್ಯಕ್ಷರು. 1954ರಲ್ಲಿ ಮುಂಬೈಯ ಟ್ರಾಂಬೆಯಲ್ಲಿ ಅಣುಶಕ್ತಿ ಸಂಶೋಧನಾ ಕೇಂದ್ರ ಶುರುವಾಯಿತು. ಇವತ್ತಿನ ಬಿಎಆರ್‌ಸಿ ಅದೇ. 1956ರ ಆಗಸ್ಟ್ 4ರಂದು ಅಲ್ಲಿ ಅಪ್ಸರಾ ರಿಯಾಕ್ಟರ್ ಚಾಲೂ ಆಯಿತು. ಇಂಧನ ಬ್ರಿಟನ್ನಿನದು, ಕಟ್ಟಿದವರು ನಮ್ಮವರು.

ಈಗ ಒಂದು ರಿಯಾಕ್ಟರಿಗೆ ಎಂಥ ಜನ ಬೇಕು ಎಂದು ಯೋಚಿಸಿ. ನ್ಯೂಟ್ರಾನ್ ಲೆಕ್ಕ ಹಾಕಲು ಭೌತವಿಜ್ಞಾನಿ ಬೇಕು. ನೀರಿನ ಶುದ್ಧತೆ ನೋಡಲು ರಸಾಯನವಿಜ್ಞಾನಿ. ಬಿಸಿಯನ್ನು ಹೊರತೆಗೆಯಲು ಮೆಕ್ಯಾನಿಕಲ್ ಎಂಜಿನಿಯರ್. ವಿಕಿರಣ ತಾಗಿ ಲೋಹ ಹೇಗೆ ಪೆಡಸಾಗುತ್ತದೆ ಎಂದು ತಿಳಿಯಲು ಲೋಹತಜ್ಞ. ಕೆಲಸಗಾರರ ಆರೋಗ್ಯ ನೋಡಲು ಜೀವವಿಜ್ಞಾನಿ. ಇವರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದಿದ್ದರೆ ಯಂತ್ರ ಸುರಕ್ಷಿತವಾಗಿ ನಡೆಯುವುದಿಲ್ಲ. ಆ ಕಾಲದ ನಮ್ಮ ಕಾಲೇಜುಗಳಲ್ಲಿ ಇದನ್ನೆಲ್ಲ ಒಟ್ಟಿಗೆ ಕಲಿಸುವ ಕೋರ್ಸು ಇರಲಿಲ್ಲ.

ಎರಡು ದಾರಿಗಳಿದ್ದವು. ನೂರಾರು ಜನರನ್ನು ತರಬೇತಿಗೆ ವಿದೇಶಕ್ಕೆ ಕಳಿಸುವುದು, ಇಲ್ಲವೇ ಇಲ್ಲೇ ಕಲಿಸುವುದು. ಭಾಭಾ ಮುಖ್ಯವಾಗಿ ಎರಡನೆಯದನ್ನು ಹಿಡಿದರು. 1957ರಲ್ಲಿ ಟ್ರಾಂಬೆಯ ಕೇಂದ್ರಕ್ಕೆ ಸೇರಿದ ಟ್ರೈನಿಂಗ್ ಸ್ಕೂಲ್ ಶುರುವಾಯಿತು. ಅದನ್ನು ಕಟ್ಟಿ ನಿಲ್ಲಿಸುವುದರಲ್ಲಿ ದೊಡ್ಡ ಪಾತ್ರ ವಹಿಸಿದವರು ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ.

ಶಾಲೆಯ ನಿಯಮ ಸರಳ. ದೇಶದ ಯಾವ ಮೂಲೆಯಿಂದಲೇ ಬರಲಿ, ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವೀಧರರನ್ನು ಆರಿಸಿ ಒಂದು ವರ್ಷ ಕಲಿಸುವುದು. ಓದುವಾಗ ಸ್ಟೈಪೆಂಡ್ ಕೊಡುವುದು. ಅಲ್ಲೇ ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿಗಳೇ ಮೇಷ್ಟ್ರು. ಭೌತವಿಜ್ಞಾನ ಓದಿದವರಿಗೆ ಎಂಜಿನಿಯರಿಂಗ್ ಪರಿಚಯ, ಎಂಜಿನಿಯರುಗಳಿಗೆ ಪರಮಾಣುವಿನ ಪಾಠ. ಪಾಸಾದವರಿಗೆ ಅಲ್ಲೇ ಕೆಲಸ.

1963ರಲ್ಲಿ ಮುಂಬೈಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ ಅನಿಲ್ ಕಾಕೋಡ್ಕರ್ ಈ ಶಾಲೆ ಸೇರಿದರು. ಭಾಭಾ ಆಗ ಬದುಕಿದ್ದರು. 37 ವರ್ಷಗಳ ನಂತರ, 2000ದಲ್ಲಿ, ಅದೇ ಹುಡುಗ ಭಾಭಾ ಕೂತಿದ್ದ ಅಣುಶಕ್ತಿ ಆಯೋಗದ ಅಧ್ಯಕ್ಷರ ಕುರ್ಚಿಯಲ್ಲಿ ಕೂತರು. ಅವರ ನಂತರ ಅಧ್ಯಕ್ಷರಾದ ಶ್ರೀಕುಮಾರ್ ಬ್ಯಾನರ್ಜಿ, ಆಮೇಲೆ ಬಂದ ರತನ್ ಕುಮಾರ್ ಸಿನ್ಹಾ ಇಬ್ಬರೂ ಈ ಟ್ರೈನಿಂಗ್ ಸ್ಕೂಲಿನವರೇ.

ಎಲ್ಲವೂ ಸರಿಯಿತ್ತೇ?

ಭಾಭಾ ಮಾಡಿದ್ದೆಲ್ಲ ಪ್ರಶ್ನಾತೀತ ಎಂದು ಹೇಳಿದರೆ ಅದೂ ಒಂದು ಫಾರ್ವರ್ಡ್ ಆಗಿಬಿಡುತ್ತದೆ.

ಅವರ ಕಾಲದಲ್ಲೇ ವಿರೋಧವಿತ್ತು. ಇನ್ನೊಬ್ಬ ಹಿರಿಯ ಭೌತವಿಜ್ಞಾನಿ ಮೇಘನಾದ ಸಹಾ ಅವರ ವಾದ ಬೇರೆಯೇ ಇತ್ತು. ಸಂಶೋಧನೆ ವಿಶ್ವವಿದ್ಯಾಲಯಗಳಲ್ಲಿ ಬೆಳೆಯಬೇಕು, ಮೊದಲು ಅಲ್ಲಿ ಜನರನ್ನು ತಯಾರು ಮಾಡಬೇಕು ಎಂದು ಅವರು ಹೇಳುತ್ತಿದ್ದರು. ಹಣವೂ ಒಳ್ಳೆಯ ಮೇಷ್ಟ್ರುಗಳೂ ಪ್ರತ್ಯೇಕ ಸಂಸ್ಥೆಗಳಿಗೆ ಹೋದರೆ ಸಾಮಾನ್ಯ ಕಾಲೇಜಿನ ಹುಡುಗರಿಗೆ ಉಳಿಯುವುದೇನು ಎಂಬ ಪ್ರಶ್ನೆ ಇಂದಿಗೂ ಜೀವಂತ. ಪ್ರಯೋಗಾಲಯವೇ ನೆಟ್ಟಗಿಲ್ಲದ ಕಾಲೇಜಿನಲ್ಲಿ ಬಿಎಸ್‌ಸಿ ಓದಿದವರಿಗೆ ಈ ಮಾತಿನ ತೂಕ ಗೊತ್ತು.

ಅಣುವಿದ್ಯುತ್ತಿನ ಬಗ್ಗೆ ಅವರಿಟ್ಟ ನಿರೀಕ್ಷೆಗಳೂ ಈಡೇರಲಿಲ್ಲ. ಇಂದಿಗೂ ನಮ್ಮ ವಿದ್ಯುತ್ತಿನಲ್ಲಿ ಅಣುವಿನ ಪಾಲು ಶೇಕಡಾ 3ರ ಆಸುಪಾಸು.

ಮಾಂಟ್ ಬ್ಲಾಂಕ್ ಮೇಲೆ ಆದದ್ದೇನು?

ಈಗ ಆ ಮೆಸೇಜಿನ ವಿಷಯಕ್ಕೆ ಬರೋಣ. 1966ರ ಜನವರಿ 24ರಂದು ಭಾಭಾ ವಿಯೆನ್ನಾದಲ್ಲಿ ನಡೆಯಲಿದ್ದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸಭೆಗೆ ಹೊರಟಿದ್ದರು. ಏರ್ ಇಂಡಿಯಾದ ಬೋಯಿಂಗ್ 707 ವಿಮಾನ, ಹೆಸರು ಕಾಂಚನಜುಂಗಾ. ಜಿನೀವಾದಲ್ಲಿ ಇಳಿಯಲು ಸಿದ್ಧವಾಗುತ್ತಿದ್ದ ಅದು ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರದ ಬಳಿ ಬಡಿಯಿತು. ವಿಮಾನದಲ್ಲಿದ್ದ 117 ಜನರೂ ಸತ್ತರು. ಭಾಭಾ ವಯಸ್ಸು 56.

ಫ್ರಾನ್ಸಿನ ತನಿಖೆ ಹೇಳಿದ್ದು ಹೀಗೆ. ವಿಮಾನದ ದಿಕ್ಕು ಮತ್ತು ಜಾಗ ತಿಳಿಸುವ ಎರಡು ರೇಡಿಯೊ ಉಪಕರಣಗಳಲ್ಲಿ ಒಂದು ಕೆಟ್ಟಿತ್ತು. ಪೈಲಟ್ ತಾನು ಶಿಖರವನ್ನು ದಾಟಿಯಾಯಿತು ಎಂದುಕೊಂಡಿದ್ದರು. ಜಿನೀವಾದ ಕಂಟ್ರೋಲರ್ ರೇಡಾರ್‌ನಲ್ಲಿ ನಿಜವಾದ ಜಾಗ ನೋಡಿ ತಿದ್ದಿದರು. ಆದರೆ ಹೇಳಿದ ರೀತಿ ಸ್ಪಷ್ಟವಾಗಿರಲಿಲ್ಲ, ಪೈಲಟ್ ಅದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡು ಕೆಳಗಿಳಿಯತೊಡಗಿದರು. ಏರ್ ಇಂಡಿಯಾದ ಇನ್ನೊಂದು ವಿಮಾನ, ಮಲಬಾರ್ ಪ್ರಿನ್ಸೆಸ್, 1950ರಲ್ಲಿ ಇದೇ ಬೆಟ್ಟಕ್ಕೆ ಬಡಿದು 48 ಜನ ಸತ್ತಿದ್ದರು. ಅಪಾಯದ ಜಾಗ ಅದು.

ಸಿಐಎ ಕತೆಯ ಮೂಲ ಯಾವುದು? ಆ ಸಂಸ್ಥೆಯ ಮಾಜಿ ಅಧಿಕಾರಿಯೊಬ್ಬರು ಫೋನಿನಲ್ಲಿ ಹೀಗೆ ಹೇಳಿದರು ಎಂದು ಒಬ್ಬ ಬರಹಗಾರ ಪ್ರಕಟಿಸಿದ ಬರಹ. ಪ್ರಕಟವಾಗುವ ಹೊತ್ತಿಗೆ ಆ ಅಧಿಕಾರಿ ಸತ್ತು ವರ್ಷಗಳಾಗಿದ್ದವು, ಹೌದು ಅಲ್ಲ ಎನ್ನಲು ಅವರಿಲ್ಲ. ಕತೆಯನ್ನು ಗಟ್ಟಿ ಮಾಡುವ ಬೇರೆ ಸ್ವತಂತ್ರ ಪುರಾವೆ ಹೊರಬಂದಿಲ್ಲ.

ಬೆಟ್ಟದಿಂದ ಈಗಲೂ ವಸ್ತುಗಳು ಸಿಗುತ್ತಿವೆಯಲ್ಲ, ಅದು ರಹಸ್ಯವಲ್ಲವೇ ಎಂದು ಕೆಲವರು ಕೇಳುತ್ತಾರೆ. ನಿಜ, 2012ರಲ್ಲಿ ರಾಜತಾಂತ್ರಿಕ ಅಂಚೆಯ ಒಂದು ಚೀಲ ಸಿಕ್ಕಿತು, 2020ರಲ್ಲಿ 1966ರ ಭಾರತೀಯ ಪತ್ರಿಕೆಗಳು ಸಿಕ್ಕವು. ಇದಕ್ಕೆ ಕಾರಣ ಹಿಮನದಿ. ನೋಡಲು ಗಟ್ಟಿಯಾಗಿ ನಿಂತಂತಿದ್ದರೂ ಮಂಜುಗಡ್ಡೆ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕೆಳಗೆ ಹರಿಯುತ್ತದೆ. ಮೇಲೆ ಬಿದ್ದದ್ದನ್ನು ನುಂಗಿ, ದಶಕಗಳ ನಂತರ ಕೆಳಗಿನ ತುದಿಯಲ್ಲಿ ಕರಗುವಾಗ ಹೊರಗೆ ಬಿಡುತ್ತದೆ.

ಅವರು ಹೋದ ಮೇಲೆ ಕೆಲಸ ನಿಂತಿತೇ?

ಇಲ್ಲ. ಭಾಭಾ ತೀರಿಕೊಂಡ ವರ್ಷವೇ ಅಣುಶಕ್ತಿ ಆಯೋಗಕ್ಕೆ ವಿಕ್ರಮ್ ಸಾರಾಭಾಯಿ ಬಂದರು. ಟಿಐಎಫ್‌ಆರ್‌ಗೆ ಇನ್ನೂ 40 ತುಂಬದ ಎಂ.ಜಿ.ಕೆ. ಮೆನನ್ ಬಂದರು. 1969ರಲ್ಲಿ ತಾರಾಪುರದಲ್ಲಿ ದೇಶದ ಮೊದಲ ಅಣುವಿದ್ಯುತ್ ಸ್ಥಾವರ ಕೆಲಸ ಶುರುಮಾಡಿತು. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಪರೀಕ್ಷೆ ನಡೆಯಿತು, ಆ ತಂಡದ ಮುಂದಾಳು ರಾಜಾ ರಾಮಣ್ಣ. ಎಂಟೇ ವರ್ಷಗಳ ಅಂತರ.

ಆ ಪರೀಕ್ಷೆಯ ನಂತರ ಕೆನಡಾ ನೆರವು ನಿಲ್ಲಿಸಿತು. ರಾಜಸ್ಥಾನದಲ್ಲಿ ಅವರ ಸಹಾಯದಿಂದ ಕಟ್ಟುತ್ತಿದ್ದ ಎರಡನೇ ಘಟಕ ಅರ್ಧಕ್ಕೆ ನಿಂತಿತ್ತು. ಅದನ್ನು ನಮ್ಮ ಎಂಜಿನಿಯರುಗಳೇ ಮುಗಿಸಿದರು, 1981ರಲ್ಲಿ ಅದು ವಾಣಿಜ್ಯ ಮಟ್ಟದಲ್ಲಿ ವಿದ್ಯುತ್ ಕೊಡತೊಡಗಿತು. ಹೊರಗಿನ ತಜ್ಞರು ಎದ್ದು ಹೋದ ದಿನ ಮನೆಯೊಳಗೆ ತಜ್ಞರಿದ್ದರು. 1944ರ ಪತ್ರ ಕೇಳಿದ್ದು ಇದನ್ನೇ.

ನಮ್ಮ ಉತ್ತರ ಕನ್ನಡದ ಕೈಗಾ ಸ್ಥಾವರವೂ ಇದೇ ಪರಂಪರೆಯ ಫಲ. ಅಲ್ಲಿನ ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ ಒಂದು ದಿನವೂ ನಿಲ್ಲದೆ 962 ದಿನ ಓಡಿತು. ಆಗ ಅದು ವಿಶ್ವದಾಖಲೆ.

ಮುಂದಿನ ಸಲ ಆ ಮೆಸೇಜ್ ಬಂದಾಗ

ಟ್ರೈನಿಂಗ್ ಸ್ಕೂಲ್ ಇನ್ನೂ ನಡೆಯುತ್ತಿದೆ. ಎಂಜಿನಿಯರಿಂಗ್ ಅಥವಾ ವಿಜ್ಞಾನದ ಸ್ನಾತಕೋತ್ತರ ಪದವಿ ಓದುತ್ತಿರುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಬಿಎಆರ್‌ಸಿಯ ಅಧಿಕೃತ ಜಾಲತಾಣದಲ್ಲಿ ಅದರ ಪ್ರವೇಶದ ವಿವರ ನೋಡಲು ಹೇಳಿ. ನೌಕರಿ ಕೊಡಿಸುತ್ತೇವೆ ಎನ್ನುವ ಫಾರ್ವರ್ಡ್‌ಗಳನ್ನು ನಂಬಬೇಡಿ. ಶಾಲಾ ಮಕ್ಕಳಿಗಾದರೆ ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಇದೆ. ಟಿಐಎಫ್‌ಆರ್‌ನ ಭಾಗವಾಗಿ 1974ರಲ್ಲಿ ಹುಟ್ಟಿದ ಈ ಕೇಂದ್ರವೇ ಅಂತರರಾಷ್ಟ್ರೀಯ ವಿಜ್ಞಾನ ಒಲಿಂಪಿಯಾಡ್‌ಗಳಿಗೆ ನಮ್ಮ ಮಕ್ಕಳನ್ನು ಆರಿಸಿ ತಯಾರು ಮಾಡುತ್ತದೆ.

ಇದನ್ನೆಲ್ಲ ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದೆ. ಬಾಂಬಿನ ವಿಷಯ ಅವರು ಪೂರ್ತಿ ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಆದರೆ ಕೋಲಾರದ ಗಣಿಯ ಕತೆಯನ್ನು ಎರಡು ಸಲ ಹೇಳಿಸಿಕೊಂಡರು. ಹತ್ತನೇ ತರಗತಿ ಓದುವ ಮೊಮ್ಮಗಳಿಗೆ ಹೇಳಬೇಕಂತೆ.

ನೀವು ಫಾರ್ವರ್ಡ್ ಮಾಡುವುದಾದರೆ ಆ ಕತೆಯನ್ನೇ ಮಾಡಿ.